ಸಂಜೆ ಏಳರ ಮಾತುಕತೆ: ಒಂದು ಸಮುದಾಯ ಬಾನುಲಿಯ ಫೆಬ್ರವರಿ ತಿಂಗಳು

ಹಳೆಯ ಮೈಸೂರು ಸೀಮೆಯ ತಾಲ್ಲೂಕು ಕೇಂದ್ರವೊಂದರಲ್ಲಿರುವ ಸಮುದಾಯ ಬಾನುಲಿಯು ಸೋಮವಾರದಿಂದ ಶನಿವಾರದವರೆಗೆ ಸಂಜೆ ಏಳು ಗಂಟೆಗೆ ಒಂದು ಗಂಟೆಯ ನೇರ ಮಾತುಕತೆಯನ್ನು ಪ್ರಸಾರ ಮಾಡುತ್ತದೆ. ದಿನಕ್ಕೊಬ್ಬರು ಅತಿಥಿ, ದಿನಕ್ಕೊಂದು ವಿಷಯ. ಮೊದಲ ನಲವತ್ತು ನಿಮಿಷ ಅತಿಥಿಯೊಂದಿಗೆ ಸಂಭಾಷಣೆ, ಉಳಿದ ಇಪ್ಪತ್ತು ನಿಮಿಷ ಕೇಳುಗರ ಫೋನ್ ಕರೆ. ಫೆಬ್ರವರಿ ತಿಂಗಳುದ್ದಕ್ಕೂ ಈ ಕಾರ್ಯಕ್ರಮವನ್ನು, ಸಂಜೆ ತಪ್ಪಿದ್ದನ್ನು ಮರುದಿನದ ಮರುಪ್ರಸಾರದಲ್ಲಿ, ಕೇಳಿದ ಮೇಲೆ ಬರೆಯುತ್ತಿರುವ ವಿಮರ್ಶೆ ಇದು. ಕೇಂದ್ರದ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ನಾಲ್ಕೈದು ಮಂದಿ ಸೇರಿ ನಡೆಸುವ ಬಾನುಲಿಯ ಬಗ್ಗೆ ಹೆಸರು ಹಿಡಿದು ಬರೆದರೆ ಕಾರ್ಯಕ್ರಮಕ್ಕೆ ಹೇಳಿದ ಮಾತು ನೇರವಾಗಿ ಆ ನಾಲ್ಕೈದು ಮಂದಿಯ ಮೇಲೆ ಬೀಳುತ್ತದೆ. ಅಲ್ಲದೆ ಇಲ್ಲಿ ಹೇಳುವ ಹಲವು ಸಂಗತಿಗಳು ರಾಜ್ಯದ ಬೇರೆ ಸಮುದಾಯ ಬಾನುಲಿಗಳಿಗೂ ಹೊಂದಬಹುದಾದವು.

ತಿಂಗಳ ಅತಿಥಿಗಳ ಪಟ್ಟಿಯನ್ನು ಒಟ್ಟಿಗೆ ಇಟ್ಟು ನೋಡಿದರೆ ಅದನ್ನು ಯಾರೋ ಕೂತು ಯೋಜಿಸಿದ್ದಾರೆ ಎಂದು ಅನ್ನಿಸುವುದಿಲ್ಲ. ತಾಲ್ಲೂಕು ಆಸ್ಪತ್ರೆಯ ವೈದ್ಯರು, ವಿದ್ಯುತ್ ಕಂಪನಿಯ ಪವರ್‌ಮ್ಯಾನ್, ಪೌರಾಣಿಕ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರು, ಆಶಾ ಕಾರ್ಯಕರ್ತೆ, ರಾಗಿ ಬೀಜವನ್ನು ವರ್ಷದಿಂದ ವರ್ಷಕ್ಕೆ ಉಳಿಸಿಕೊಂಡು ಬಂದ ರೈತ, ಗಣಿತದ ಶಿಕ್ಷಕಿ, ಸರ್ಕಾರಿ ಯೋಜನೆಗಳ ಮಾಹಿತಿ ಹಿಡಿದು ಬಂದ ಅಧಿಕಾರಿ, ವ್ಯಕ್ತಿತ್ವ ವಿಕಸನದ ತರಬೇತುದಾರ, ಕಣ್ಣಿನ ಆಸ್ಪತ್ರೆಯ ಮಾಲೀಕರು ಒಬ್ಬರಾದ ಮೇಲೊಬ್ಬರು ಬಂದು ಹೋಗುತ್ತಾರೆ. ಕೇಂದ್ರದವರು ಈ ವೈವಿಧ್ಯವನ್ನೇ ತಮ್ಮ ಹೆಗ್ಗಳಿಕೆಯೆಂದು ಪ್ರಕಟಣೆಗಳಲ್ಲಿ ಹೇಳಿಕೊಳ್ಳುತ್ತಾರೆ. ತಿಂಗಳು ಪೂರ್ತಿ ಕೇಳಿದ ಮೇಲೆ ನನಗೆ ಹಾಗೆ ಅನ್ನಿಸಲಿಲ್ಲ. ವೈವಿಧ್ಯ ತಾನಾಗಿಯೇ ಯಾವ ಸಂಜೆಯನ್ನೂ ಗೆಲ್ಲಿಸಲಿಲ್ಲ. ಅತಿಥಿಯು ತಾನು ದಿನವೂ ಮಾಡುವ ಕೆಲಸದಿಂದ ಮಾತನಾಡಿದಾಗ, ನಿರೂಪಕರು ಆ ಕೆಲಸ ಹೇಗೆ ನಡೆಯುತ್ತದೆ ಎಂದು ಬಿಡದೆ ಕೇಳಿದಾಗ ಒಂದು ಗಂಟೆ ಸರಿದದ್ದೇ ತಿಳಿಯಲಿಲ್ಲ. ಅತಿಥಿಯು ತನ್ನ ಹುದ್ದೆಯಿಂದ ಮಾತನಾಡಿದ ದಿನಗಳಲ್ಲಿ ವಿಷಯ ಎಷ್ಟೇ ಉಪಯುಕ್ತವಾಗಿದ್ದರೂ ಕಿವಿ ಬೇರೆಡೆಗೆ ಹೋಯಿತು.

ಮೊದಲ ಬಗೆಗೆ ಉತ್ತಮ ನಿದರ್ಶನ ಹಾವು ಕಡಿತದ ಕುರಿತ ಸಂಚಿಕೆ. ಈ ವಿಷಯದ ಮೇಲೆ ಬಾನುಲಿಯಲ್ಲಿ ಬರುವ ಮಾತು ಸಾಮಾನ್ಯವಾಗಿ ಗಾಯವನ್ನು ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಬಿಗಿಯಾಗಿ ಕಟ್ಟಬೇಡಿ ಎಂಬ ಮೂರು ಎಚ್ಚರಿಕೆಗಳಿಗೆ ಮುಗಿದುಹೋಗುತ್ತದೆ. ಇಲ್ಲಿ ಆ ಎಚ್ಚರಿಕೆಗಳೂ ಬಂದವು. ಆದರೆ ನಿರೂಪಕಿ ಅಲ್ಲಿಗೆ ನಿಲ್ಲದೆ, ರೋಗಿಯನ್ನು ಕರೆತಂದ ಮೇಲೆ ನೀವು ಮೊದಲು ಏನು ಮಾಡುತ್ತೀರಿ ಎಂದು ವೈದ್ಯರನ್ನು ಕೇಳಿದರು. ವೈದ್ಯರು ಶುದ್ಧವಾದ, ಒಣಗಿದ ಗಾಜಿನ ನಳಿಗೆಯಲ್ಲಿ ಸ್ವಲ್ಪ ರಕ್ತವನ್ನು ತೆಗೆದುಕೊಂಡು, ಅಲುಗಾಡಿಸದೆ ಇಪ್ಪತ್ತು ನಿಮಿಷ ನಿಲ್ಲಿಸಿ, ಆಮೇಲೆ ಓರೆ ಮಾಡಿ ನೋಡುವ ಪರೀಕ್ಷೆಯನ್ನು ವಿವರಿಸಿದರು. ರಕ್ತ ಹೆಪ್ಪುಗಟ್ಟದೆ ನೀರಿನಂತೆ ಹರಿದರೆ ಕೊಳಕುಮಂಡಲದಂಥ ಹಾವಿನ ವಿಷ ಏರಿದೆ ಎಂಬುದಕ್ಕೆ ಅದು ಗುರುತು. ದೊಡ್ಡ ಯಂತ್ರ ಬೇಡ, ಗಾಜಿನ ನಳಿಗೆ ಮತ್ತು ಗಡಿಯಾರ ಸಾಕು ಎಂಬ ಮಾತು ಕೇಳಿದಾಗ ಸಣ್ಣ ಆಸ್ಪತ್ರೆಯ ಬಗ್ಗೆ ಇರುವ ಅಪನಂಬಿಕೆ ತಾನಾಗಿ ಕಡಿಮೆಯಾಗುತ್ತದೆ. ನಗರದ ದೊಡ್ಡ ಆಸ್ಪತ್ರೆಗೇ ಹೋಗೋಣ ಎಂದು ಗಂಟೆಗಟ್ಟಲೆ ದಾರಿಯಲ್ಲಿ ಕಳೆಯುವವರಿಗೆ ಇದಕ್ಕಿಂತ ಪರಿಣಾಮಕಾರಿಯಾದ ಉತ್ತರ ಬೇರೆ ಇರಲಾರದು.

ಅದೇ ಸಂಜೆ ಇನ್ನೊಂದು ಸಂಗತಿ ಬಂತು. ಮಗುವಿಗೆ ಹಾವು ಕಡಿದರೆ ಔಷಧಿಯನ್ನು ಕಡಿಮೆ ಕೊಡುತ್ತೀರಾ ಎಂದು ನಿರೂಪಕಿ ಕೇಳಿದಾಗ, ಇಲ್ಲ, ಹಾವು ದೊಡ್ಡವರಿಗೂ ಚಿಕ್ಕವರಿಗೂ ಬಿಡುವ ವಿಷದ ಪ್ರಮಾಣ ಒಂದೇ ಆದ್ದರಿಂದ ಪ್ರತಿವಿಷದ ಪ್ರಮಾಣವೂ ಒಂದೇ ಎಂದು ವೈದ್ಯರು ಹೇಳಿದರು. ನಮ್ಮಲ್ಲಿ ಸಿಗುವ ಪ್ರತಿವಿಷವು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲ ಎಂಬ ನಾಲ್ಕಕ್ಕೂ ಸೇರಿ ತಯಾರಾದದ್ದರಿಂದ ಹಾವನ್ನು ಹೊಡೆದು ಚೀಲದಲ್ಲಿ ತರುವ ಅಗತ್ಯವಿಲ್ಲ ಎಂಬುದನ್ನೂ, ಕಟ್ಟುಹಾವಿನ ಕಡಿತ ರಾತ್ರಿ ಮಲಗಿದವರಿಗೆ ನೋವೇ ತಿಳಿಯದಂತೆ ಆಗಿ ಬೆಳಗಿನ ಜಾವ ಹೊಟ್ಟೆನೋವಾಗಿ ಕಾಣಿಸಿಕೊಳ್ಳಬಹುದು ಎಂಬುದನ್ನೂ ಅವರು ಸಾವಧಾನವಾಗಿ ಬಿಡಿಸಿ ಹೇಳಿದರು. ಕರ್ನಾಟಕವು 2024ರಲ್ಲಿ ಹಾವು ಕಡಿತವನ್ನು ಸರ್ಕಾರಕ್ಕೆ ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಸಾಲಿಗೆ ಸೇರಿಸಿದ್ದು ಮಾತಿನ ನಡುವೆ ಸಹಜವಾಗಿ ಬಂತು. ಕರೆ ಮಾಡಿದವರಲ್ಲಿ ಒಬ್ಬರು ತಮ್ಮೂರಿನ ನಾಟಿ ಔಷಧಿಯವರ ಪರವಾಗಿ ವಾದ ಹೂಡಿದರು. ವೈದ್ಯರು ಅವರನ್ನು ಗದರಿಸದೆ, ಕಡಿದ ಹಾವುಗಳಲ್ಲಿ ಬಹಳಷ್ಟು ವಿಷವಿಲ್ಲದವು, ವಿಷದ ಹಾವು ಕೂಡ ಕೆಲವೊಮ್ಮೆ ವಿಷ ಬಿಡದೆ ಕಡಿಯುತ್ತದೆ, ಹಾಗಾಗಿ ಯಾವ ಔಷಧಿ ಕೊಟ್ಟರೂ ಅಂಥವರು ಬದುಕುತ್ತಾರೆ ಎಂದು ತಿಳಿಸಿದರು. ಕರೆ ಮಾಡಿದವರು ಒಪ್ಪಿದರೋ ಇಲ್ಲವೋ, ‘ಆಯ್ತು ಸಾರ್, ಯೋಚ್ನೆ ಮಾಡೋ ಮಾತು’ ಎಂದು ಫೋನ್ ಇಟ್ಟರು. ನೇರ ಪ್ರಸಾರದ ಲಾಭ ಇಂಥ ಕ್ಷಣಗಳಲ್ಲಿದೆ.

ಪವರ್‌ಮ್ಯಾನ್ ಬಂದ ಸಂಜೆಯನ್ನು ನಾನು ತಿಂಗಳಲ್ಲೇ ಶ್ರೇಷ್ಠವೆಂದು ಎಣಿಸುತ್ತೇನೆ. ಊರಿನವರ ಬಾಯಲ್ಲಿ ಅವರು ಇಂದಿಗೂ ಲೈನ್‌ಮ್ಯಾನ್. ವಿದ್ಯುತ್ತಿನ ಮೇಲಿನ ಕಾರ್ಯಕ್ರಮವೆಂದ ಮೇಲೆ 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋದ ಕಥೆ ಬರಲೇಬೇಕು. ನಿರೂಪಕಿ ಅದನ್ನು ಒಂದು ವಾಕ್ಯದಲ್ಲಿ ಮುಗಿಸಿ, ಕಂಬ ಹತ್ತುವ ಮೊದಲು ಏನೇನು ಮಾಡುತ್ತೀರಿ ಎಂಬ ಪ್ರಶ್ನೆಗೆ ಬಂದುಬಿಟ್ಟರು. ಉಪಕೇಂದ್ರಕ್ಕೆ ಫೋನ್ ಮಾಡಿ ಎಲ್‌ಸಿ, ಅಂದರೆ ಮಾರ್ಗದ ವಿದ್ಯುತ್ ನಿಲ್ಲಿಸಿ ಕೆಲಸಕ್ಕೆ ಕೊಡುವ ಅನುಮತಿ, ತೆಗೆದುಕೊಳ್ಳುವುದು, ಮಾರ್ಗ ನಿಂತಿದೆ ಎಂದು ಹೇಳಿದ ಮೇಲೂ ನಂಬದೆ ತಂತಿಗೆ ಪರೀಕ್ಷೆಯ ಕಡ್ಡಿ ತಾಗಿಸಿ ನೋಡುವುದು, ಕೆಲಸ ಮಾಡುವ ಜಾಗದ ಎರಡೂ ಬದಿಗೆ ತಂತಿಯನ್ನು ನೆಲಕ್ಕೆ ಜೋಡಿಸಿ ಅರ್ತ್ ಮಾಡುವುದು, ಕೆಲಸ ಮುಗಿದ ಮೇಲೆ ಮೇಲಿದ್ದವರೆಲ್ಲ ಇಳಿದರೆಂದು ತಲೆ ಎಣಿಸಿ ಎಲ್‌ಸಿ ವಾಪಸ್ ಕೊಡುವುದು ಎಂದು ಅವರು ಕ್ರಮವಾಗಿ ಹೇಳುತ್ತಾ ಹೋದಂತೆ, ಕರೆಂಟು ಹೋದಾಗ ಇಲಾಖೆಯವರನ್ನು ಬೈಯುವುದನ್ನೇ ಬಲ್ಲ ನಮ್ಮಂಥವರು ಸುಮ್ಮನೆ ಕೂತು ಕೇಳಬೇಕಾಯಿತು. ಎರಡೂ ಬದಿಗೆ ಏಕೆ ಎಂದು ನಿರೂಪಕಿ ಕೇಳಿದರು. ಮನೆಯವರು, ಅಂಗಡಿಯವರು ಸರಿಯಾದ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜನರೇಟರ್ ಹಾಕಿದರೆ ಆ ವಿದ್ಯುತ್ ಹಿಮ್ಮುಖವಾಗಿ ಬೀದಿಯ ತಂತಿಗೆ ಬರುತ್ತದೆ, ಉಪಕೇಂದ್ರದಲ್ಲಿ ನಿಲ್ಲಿಸಿದ್ದರೂ ಕಂಬದ ಮೇಲಿರುವವನಿಗೆ ಸಾವು ಊರಿನ ಕಡೆಯಿಂದ ಬರುತ್ತದೆ ಎಂಬುದು ಅವರ ಉತ್ತರ.

ಆ ಮೇಲೆ ಮಾತು ಪಂಪ್‌ಸೆಟ್ಟುಗಳ ಕಡೆಗೆ ತಿರುಗಿತು. ಹಳ್ಳಿಗಳಿಗೆ ಮೂರು ಫೇಸ್ ವಿದ್ಯುತ್ ಪಾಳಿಯಲ್ಲಿ ಬರುತ್ತದೆ. ಸಿಂಗಲ್ ಫೇಸ್ ಇರುವ ಹೊತ್ತಿನಲ್ಲಿ ಕೆಲವರು ಕಂಡೆನ್ಸರ್ ಜೋಡಿಸಿ ಮೋಟಾರು ಓಡಿಸುತ್ತಾರೆ. ಅದರ ಭಾರ ಬೀಳುವುದು ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್ ಮೇಲೆ. ಟಿಸಿ ಸುಟ್ಟರೆ ಇಡೀ ಊರು ಕತ್ತಲೆಯಲ್ಲಿ ಕೂರುತ್ತದೆ. ಇದನ್ನು ಪವರ್‌ಮ್ಯಾನ್ ದೂರಿನ ದನಿಯಲ್ಲಿ ಹೇಳಲಿಲ್ಲ, ಅವರೂ ತೋಟ ಇರುವವರೇ. ಕರೆ ಮಾಡಿದ ರೈತರೊಬ್ಬರು ರಾತ್ರಿ ಪಾಳಿಯಲ್ಲಿ ನೀರು ಹಾಯಿಸಲು ಹೋಗಿ ಹಾವು ತುಳಿಯುವ ಭಯವನ್ನು ಹೇಳಿಕೊಂಡರು. ಹಿಂದಿನ ವಾರದ ವೈದ್ಯರ ಸಂಚಿಕೆಗೂ ಇದಕ್ಕೂ ಇರುವ ನಂಟನ್ನು ನಿರೂಪಕಿ ಅಲ್ಲೇ ಹಿಡಿದು ಒಂದು ಮಾತು ಸೇರಿಸಬಹುದಿತ್ತು, ಸೇರಿಸಲಿಲ್ಲ. ದಿನಕ್ಕೊಂದು ವಿಷಯವನ್ನು ಆಯ್ದುಕೊಳ್ಳುವ ಕಾರ್ಯಕ್ರಮಕ್ಕೆ ನಿನ್ನೆಯ ವಿಷಯದ ನೆನಪು ಇರಬೇಕು. ಅದು ಇಲ್ಲಿ ಕಡಿಮೆ.

ಹಾರ್ಮೋನಿಯಂ ಮೇಷ್ಟ್ರ ಸಂಜೆ ಬೇರೆಯೇ ಸೊಗಸಿನದು. ಸುಗ್ಗಿ ಮುಗಿದು ಊರೂರಲ್ಲಿ ಪೌರಾಣಿಕ ನಾಟಕಗಳ ತಾಲೀಮು ನಡೆಯುವ ಕಾಲವಾದ್ದರಿಂದ ಅವರನ್ನು ಕರೆದದ್ದು ಸಮಯೋಚಿತವಾಗಿತ್ತು. ಈ ಸೀಮೆಯ ಹಳ್ಳಿ ನಾಟಕಗಳಲ್ಲಿ ಪಾತ್ರಧಾರಿಗೆ ಸಂಭಾವನೆ ಕೊಡುವ ಪದ್ಧತಿಯಿಲ್ಲ, ಪಾತ್ರಧಾರಿಯೇ ಪಾತ್ರಕ್ಕೆ ಹಣ ಕಟ್ಟಬೇಕು. ದುರ್ಯೋಧನನ ಪಾತ್ರ ದುಬಾರಿ, ಸಣ್ಣ ಪಾತ್ರ ಅಗ್ಗ. ಸೀನರಿಯವರ ಬಾಡಿಗೆ, ಬಣ್ಣ, ವಾದ್ಯದವರ ಖರ್ಚು, ಮೇಷ್ಟ್ರ ಗೌರವಧನ ಎಲ್ಲವೂ ಆ ಹಣದಿಂದಲೇ ಹೊರಡಬೇಕು. ಹಣ ಹೆಚ್ಚು ಕೊಟ್ಟವನ ಕಂಠ ಚೆನ್ನಾಗಿಲ್ಲದಿದ್ದರೆ ಏನು ಮಾಡುತ್ತೀರಿ ಎಂಬ ಪ್ರಶ್ನೆಗೆ ಮೇಷ್ಟ್ರು ನಕ್ಕು, ಉತ್ತರದ ಬದಲು ಹಾರ್ಮೋನಿಯಂ ಎಳೆದುಕೊಂಡು, ಒಂದೇ ಕಂದಪದ್ಯವನ್ನು ಶ್ರುತಿ ಹಿಡಿಯಬಲ್ಲವನಿಗೆ ಹೇಳಿಕೊಡುವ ರೀತಿಯನ್ನೂ ಹಿಡಿಯಲಾರದವನಿಗೆ ಹೇಳಿಕೊಡುವ ರೀತಿಯನ್ನೂ ನುಡಿಸಿ ತೋರಿಸಿದರು. ಎರಡನೆಯವನಿಗೆ ರಾಗ ಕಡಿಮೆ, ಮಾತು ಹೆಚ್ಚು. ಹಾರ್ಮೋನಿಯಂ ಅವನ ತಪ್ಪನ್ನು ಮುಚ್ಚುವಂತೆ ಪಕ್ಕದಲ್ಲೇ ನಡೆಯುತ್ತದೆ. ಬರಿಯ ಧ್ವನಿಯಿಂದ ಕಲೆಯೊಂದರ ಒಳಗುಟ್ಟು ಹೊರಬೀಳುವ ಇಂಥ ಪ್ರಾತ್ಯಕ್ಷಿಕೆಯನ್ನು ಚಿತ್ರ ಕಾಣಿಸುವ ಮಾಧ್ಯಮಗಳಲ್ಲಿ ನಾನು ಕಂಡಿಲ್ಲ. ಅಲ್ಲಿ ಕ್ಯಾಮೆರಾ ಕಿರೀಟದ ಮೇಲೆ, ಗದೆಯ ಮೇಲೆ ಓಡುತ್ತದೆ.

ಇನ್ನು ಎರಡನೆಯ ಬಗೆ. ಯೋಜನೆಗಳ ಮಾಹಿತಿ ಕೊಡಲು ಬಂದ ಅಧಿಕಾರಿ ಸಜ್ಜನರು, ವಿಷಯ ಬಲ್ಲವರು. ಆದರೆ ಅವರು ಸುತ್ತೋಲೆಯನ್ನು ಓದಿದರು. ಅರ್ಹತೆ, ಲಗತ್ತಿಸಬೇಕಾದ ದಾಖಲೆ, ಕೊನೆಯ ದಿನಾಂಕ ಎಂದು ಅಕ್ಷರ ತಪ್ಪದೆ ನಲವತ್ತು ನಿಮಿಷ ಓದಿದರು. ಇಂಥ ಮಾಹಿತಿ ಜನರಿಗೆ ಬೇಕು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಕೈಯಲ್ಲಿ ಪೆನ್ನು ಹಿಡಿದು ರೇಡಿಯೋ ಕೇಳುವವರು ಯಾರು? ಅರ್ಜಿಗಳು ಸಾಮಾನ್ಯವಾಗಿ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ, ಯಾವ ದಾಖಲೆ ತಪ್ಪಾಗಿ ಬರುತ್ತದೆ, ಪಹಣಿಯಲ್ಲಿ ಇರುವ ಹೆಸರಿಗೂ ಆಧಾರ್ ಚೀಟಿಯಲ್ಲಿ ಇರುವ ಹೆಸರಿಗೂ ಅಕ್ಷರ ವ್ಯತ್ಯಾಸವಾದರೆ ಏನು ಮಾಡಬೇಕು ಎಂದು ಕೇಳಿದ್ದರೆ ಆ ಅಧಿಕಾರಿಯೂ ತಮ್ಮ ಕೆಲಸದಿಂದ ಮಾತನಾಡುತ್ತಿದ್ದರೇನೋ. ಕೊನೆಗೆ ಆ ಪ್ರಶ್ನೆ ಕೇಳಿದ್ದು ಕರೆ ಮಾಡಿದ ಒಬ್ಬ ಮಹಿಳೆ, ಆಗ ಸಮಯ ಮುಗಿದಿತ್ತು.

ವ್ಯಕ್ತಿತ್ವ ವಿಕಸನದ ತರಬೇತುದಾರರ ಸಂಜೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅವರು ಎಲ್ಲ ಪ್ರಶ್ನೆಗೂ ಒಂದು ಕಥೆ ಹೇಳಿದರು. ಹದ್ದು, ಸಿಂಹ ಮತ್ತು ಇರುವೆ ಸಾಕಷ್ಟು ದುಡಿದವು. ಕರೆ ಮಾಡಿದವರೆಲ್ಲರೂ ಅವರನ್ನು ಬಾಯ್ತುಂಬ ಹೊಗಳಿದರು ಎಂಬುದನ್ನು ನ್ಯಾಯಕ್ಕಾಗಿ ಇಲ್ಲಿ ದಾಖಲಿಸುತ್ತೇನೆ.

ಆಶಾ ಕಾರ್ಯಕರ್ತೆಯ ಸಂಚಿಕೆ ಕಾರ್ಯಕ್ರಮದ ಶಕ್ತಿ ಮತ್ತು ಮಿತಿ ಎರಡನ್ನೂ ಒಂದೇ ಗಂಟೆಯಲ್ಲಿ ತೋರಿಸಿತು. ಮೊದಲ ಹತ್ತು ನಿಮಿಷ ಅವರ ದನಿ ಏಳಲೇ ಇಲ್ಲ. ಪ್ರತಿ ಉತ್ತರವೂ ‘ಹೂಂ ಮೇಡಂ’ ಎಂಬಲ್ಲಿ ನಿಲ್ಲುತ್ತಿತ್ತು. ನಿರೂಪಕಿ ಅವಸರಪಡಲಿಲ್ಲ, ಬಾಯಿಗೆ ಮಾತು ಹಾಕಲೂ ಇಲ್ಲ. ನಿನ್ನೆ ಯಾರ ಮನೆಗೆ ಹೋಗಿದ್ದಿರಿ, ಹೆಸರು ಬೇಡ, ಏನು ನೋಡಿದಿರಿ ಎಂದು ಕೇಳಿದರು. ಅಲ್ಲಿಂದ ಮಾತು ಹರಿಯಿತು. ಆಸ್ಪತ್ರೆಯಲ್ಲಿ ಹೆರಿಗೆಯಾದ ಬಾಣಂತಿಯ ಮನೆಗೆ ಮೂರನೆಯ, ಏಳನೆಯ, ಹದಿನಾಲ್ಕನೆಯ, ಇಪ್ಪತ್ತೊಂದನೆಯ, ಇಪ್ಪತ್ತೆಂಟನೆಯ ಮತ್ತು ನಲವತ್ತೆರಡನೆಯ ದಿನ ಹೋಗಬೇಕು, ಪ್ರತಿ ಸಲವೂ ಕೂಸನ್ನು ತೂಗಬೇಕು, ಮೈ ತಣ್ಣಗಿದೆಯೇ ನೋಡಬೇಕು, ಎದೆಹಾಲು ಸರಿಯಾಗಿ ಕುಡಿಯುತ್ತಿದೆಯೇ ನೋಡಬೇಕು. ಹುಟ್ಟಿದ ಕೂಸನ್ನು ಹೊರಗಿನವರು ತೂಗಿದರೆ ದೃಷ್ಟಿ ತಾಗುತ್ತದೆ ಎನ್ನುವ ಅಜ್ಜಿಯರನ್ನು ಒಪ್ಪಿಸುವುದು ಹೇಗೆ ಎಂದು ಅವರು ಹೇಳಿದ ಕ್ರಮವಂತೂ ಯಾವ ತರಬೇತಿಯ ಪುಸ್ತಕದಲ್ಲೂ ಇರಲಾರದು: ಮೊದಲು ಅಜ್ಜಿಯ ರಕ್ತದೊತ್ತಡವನ್ನು ವಿಚಾರಿಸಬೇಕು, ಆಮೇಲೆ ಕೂಸಿನ ವಿಷಯ ಎತ್ತಬೇಕು, ತೂಕವನ್ನು ಗಟ್ಟಿಯಾಗಿ ಹೇಳದೆ ಚೀಟಿಯಲ್ಲಿ ಬರೆದು ತೋರಿಸಬೇಕು.

ಫೋನ್ ಕರೆಗಳ ಹೊತ್ತಿಗೆ ಒಬ್ಬರು, ಇಷ್ಟು ಕೆಲಸಕ್ಕೆ ನಿಮಗೆ ಸಿಗುವ ಗೌರವಧನ ಸಾಕಾಗುತ್ತದೆಯೇ, ಬೆಂಗಳೂರಿನಲ್ಲಿ ನಿಮ್ಮವರು ಧರಣಿ ಕೂತಿದ್ದರಲ್ಲ ಎಂದು ಕೇಳಿದರು. ಕರೆ ತಟ್ಟನೆ ನಿಂತಿತು, ಚಿತ್ರಗೀತೆಯೊಂದು ಬಂತು, ಹಾಡು ಮುಗಿದ ಮೇಲೆ ಪ್ರಶ್ನೆಯ ಸುಳಿವೂ ಇಲ್ಲದೆ ಮಾತು ಪೌಷ್ಟಿಕ ಆಹಾರದ ಕಡೆಗೆ ಹೊರಳಿತು. ಕೇಳುಗರಿಗೆ ಇದು ಒರಟಾಗಿ ತೋರುವುದು ಸಹಜ. ಇದರ ಹಿಂದೆ ಸರ್ಕಾರದ ನಿಯಮವೊಂದಿದೆ. ಬಾನಲೆಗಳು ಸಾರ್ವಜನಿಕರ ಆಸ್ತಿ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿದ ಮೇಲೆ 2002ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ, 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ಬಾನುಲಿ ನಡೆಸಲು ಅನುಮತಿ ಸಿಕ್ಕಿತು. ಆದರೆ ಸುದ್ದಿ ಮತ್ತು ಪ್ರಚಲಿತ ರಾಜಕೀಯ ವಿದ್ಯಮಾನಗಳ ಸ್ವಂತ ಪ್ರಸಾರಕ್ಕೆ ಅನುಮತಿ ಸಿಗಲಿಲ್ಲ. ಆಕಾಶವಾಣಿಯಿಂದ ಪಡೆದ ಸುದ್ದಿಯನ್ನು ಬಿತ್ತರಿಸಬಹುದು, ಅಷ್ಟೆ. ಮುದ್ರಣ ಮಾಧ್ಯಮಕ್ಕಾಗಲಿ ದೂರದರ್ಶನ ವಾಹಿನಿಗಳಿಗಾಗಲಿ ಇಲ್ಲದ ಈ ಕಟ್ಟುಪಾಡು, ಅತ್ಯಂತ ಕಡಿಮೆ ದೂರ ಕೇಳಿಸುವ ಬಾನುಲಿಗೆ ಏಕೆ ಬೇಕು ಎಂಬುದು ಬಹಳ ದಿನಗಳಿಂದ ಕೇಳಿಬರುತ್ತಿರುವ ಪ್ರಶ್ನೆ, ಮತ್ತು ಸರಿಯಾದ ಪ್ರಶ್ನೆ.

ಆದರೂ ನಿಯಮ ಹೇಳುವುದಕ್ಕಿಂತ ಹೆಚ್ಚಾಗಿ ಈ ಕೇಂದ್ರ ಹೆದರುತ್ತದೆ ಎಂದೇ ನನ್ನ ಅಭಿಪ್ರಾಯ. ಹವಾಮಾನ, ವಿದ್ಯುತ್ತು ಮತ್ತು ನೀರು ಪೂರೈಕೆಯ ಪ್ರಕಟಣೆ, ಪರೀಕ್ಷೆ, ಉದ್ಯೋಗಾವಕಾಶ, ಸ್ಥಳೀಯ ಸಾಂಸ್ಕೃತಿಕ ಕಾರ್ಯಕ್ರಮ ಇವೆಲ್ಲ ಸುದ್ದಿಯ ವ್ಯಾಪ್ತಿಗೆ ಬರುವುದಿಲ್ಲ. ಒಬ್ಬ ಕೆಲಸಗಾರ್ತಿ ತನ್ನ ದಿನದ ಖರ್ಚು ಹೇಗೆ ತೂಗಿಸುತ್ತಾಳೆ ಎಂದು ಹೇಳಿಕೊಳ್ಳುವುದು ರಾಜಕೀಯ ವಿದ್ಯಮಾನ ಆಗುವುದಿಲ್ಲ. ಧರಣಿಯ ಮಾತನ್ನು ಪಕ್ಕಕ್ಕಿಟ್ಟು, ಬಸ್ಸಿನ ಖರ್ಚು ಯಾರು ಕೊಡುತ್ತಾರೆ ಎಂದು ಕೇಳಿದ್ದರೆ ಸಾಕಾಗಿತ್ತು. ಅತಿಥಿಯನ್ನು ಮುಕ್ತವಾಗಿ ಮಾತನಾಡಿಸಲು ಅಷ್ಟು ತಾಳ್ಮೆ ತೋರಿಸಿದ ನಿರೂಪಕಿ ಆ ಒಂದು ಕ್ಷಣದಲ್ಲಿ ಅವರ ಕೈ ಬಿಟ್ಟರು.

ರಾಗಿ ಬೆಳೆಗಾರರ ಸಂಚಿಕೆಯಲ್ಲಿ ಇಂಥ ಅಡ್ಡಿ ಬರಲಿಲ್ಲ. ಹೊಲದಲ್ಲಿ ಚೆನ್ನಾಗಿ ಬಂದ ತೆನೆಗಳನ್ನು ಕೊಯ್ಲಿಗೆ ಮುಂಚೆಯೇ ಬೇರೆಯಾಗಿ ಆಯ್ದು ಕಟ್ಟುವ ಕ್ರಮವನ್ನು ಆ ರೈತರು ವಿವರಿಸಿದರು. ತಳಿ ವಿಜ್ಞಾನಿ ರಾಗಿ ಲಕ್ಷ್ಮಣಯ್ಯನವರು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ಭಾರತದ ಮತ್ತು ಆಫ್ರಿಕಾದ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಹೊರತಂದ ಸಾಹಸ, ಹೂವು ಕಣ್ಣಿಗೆ ಕಾಣದಷ್ಟು ಸಣ್ಣದಾದ ಬೆಳೆಯಲ್ಲಿ ಸಂಕರ ಮಾಡುವುದರ ಕಷ್ಟ, ಆಮೇಲೆ ಬೆಂಕಿ ರೋಗವನ್ನು ತಡೆಯಬಲ್ಲ ಜಿಪಿಯು 28 ತಳಿ ಹೊಲಗಳನ್ನು ತುಂಬಿಕೊಂಡದ್ದು, ಎಲ್ಲವೂ ಬಂದವು. ಬೆಂಬಲ ಬೆಲೆಯ ಮಾತೂ ಬಂತು; 2025-26ಕ್ಕೆ ಕ್ವಿಂಟಲಿಗೆ 4,886 ರೂಪಾಯಿ ಎಂದು ನಿರೂಪಕರೇ ಹೇಳಿ, ಖರೀದಿ ಕೇಂದ್ರದಲ್ಲಿ ಚೀಲ ಇಳಿಸುವವರೆಗೂ ಎಷ್ಟು ಕಾಯಬೇಕಾಗುತ್ತದೆ ಎಂಬುದನ್ನು ಕೇಳುಗರೇ ತಿಳಿಸಿದರು. ಆಗ ಯಾರೂ ಹಾಡು ಹಾಕಲಿಲ್ಲ. ಒಂದು ಸಂಜೆ ಸಲ್ಲುವುದು ಇನ್ನೊಂದು ಸಂಜೆ ಸಲ್ಲದು ಎಂಬ ಈ ಅಸಮತೆ ನಿರೂಪಕರಿಗೆ ಲಿಖಿತವಾದ ಮಾರ್ಗಸೂಚಿ ಇಲ್ಲದಿರುವುದರ ಫಲವಿರಬೇಕು.

ಗಣಿತದ ಶಿಕ್ಷಕಿ ಎಸ್ಸೆಸ್ಸೆಲ್ಸಿ ಮಕ್ಕಳ ಭಯ ಬಿಡಿಸಲು ಬಂದವರು; 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶ ಬಂದದ್ದನ್ನು ಮಕ್ಕಳಿಗಿಂತ ತಾಯ್ತಂದೆಯರಿಗೆ ಚೆನ್ನಾಗಿ ಮನದಟ್ಟು ಮಾಡಿದರು. ಫೆಬ್ರವರಿ 13ರ ವಿಶ್ವ ರೇಡಿಯೋ ದಿನದ ಸಂಚಿಕೆಯಲ್ಲಿ ಕೇಂದ್ರ ತನ್ನನ್ನು ತಾನೇ ಹೊಗಳಿಕೊಳ್ಳುವ ಅಪಾಯವಿತ್ತು. ಅತಿಥಿಯಾಗಿ ಬಂದ ನಿವೃತ್ತ ಬಾನುಲಿ ತಂತ್ರಜ್ಞರು ಅದನ್ನು ತಪ್ಪಿಸಿದರು. ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಆರಂಭಿಸಿದ ಬಾನುಲಿ ಕೇಂದ್ರದ ಪ್ರೇಷಕದ (ಟ್ರಾನ್ಸ್‌ಮಿಟರಿನ) ಸಾಮರ್ಥ್ಯ ಕೇವಲ 30 ವ್ಯಾಟ್ ಎಂದೂ, ಇಂದು ಸಮುದಾಯ ಬಾನುಲಿಗೆ ಸಿಗುವ ಮಿತಿಯೇ 100 ವ್ಯಾಟ್ ಎಂದೂ ಅವರು ಹೇಳಿದರು. ಅನುಮತಿ ಸಿಗುವ ಮೊದಲು ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ಯವರು ಕೇಬಲ್ ತಂತಿಯ ಮೂಲಕ ಮನೆಮನೆಗೆ ಕಾರ್ಯಕ್ರಮ ತಲುಪಿಸಿದ ಪ್ರಸಂಗವನ್ನೂ ನೆನಪಿಸಿಕೊಂಡರು.

ಆ 100 ವ್ಯಾಟಿನ ಮಿತಿ ಕೇಳುಗರಿಗೆ ಹೇಗೆ ಅನುಭವಕ್ಕೆ ಬರುತ್ತದೆ ಎಂಬುದನ್ನೂ ಹೇಳಬೇಕು. ಪಟ್ಟಣದಲ್ಲಿ ಧ್ವನಿ ಸ್ವಚ್ಛ. ಹತ್ತು ಕಿಲೋಮೀಟರ್ ದಾಟಿ ಗುಡ್ಡದ ಆಚೆ ಹೋದರೆ ಗೊರಗೊರ ಶುರುವಾಗುತ್ತದೆ. ಹೊಸ ಮೊಬೈಲುಗಳಲ್ಲಿ ಹಲವಕ್ಕೆ ಎಫ್‌ಎಂ ಇಲ್ಲ. ಇರುವವುಗಳಿಗೂ ಇಯರ್‌ಫೋನಿನ ತಂತಿ ಸಿಕ್ಕಿಸದಿದ್ದರೆ ಆಂಟೆನಾ ಇಲ್ಲದಂತಾಗುತ್ತದೆ. ಅದಕ್ಕಾಗಿ ಕೇಂದ್ರದವರು ಅಂತರ್ಜಾಲದಲ್ಲೂ ನೇರ ಪ್ರಸಾರ ಮಾಡುತ್ತಾರೆ. ಅದು ನಿಜವಾದ ಪ್ರಸಾರಕ್ಕಿಂತ ಅರ್ಧ ನಿಮಿಷದಷ್ಟು ಹಿಂದಿರುವುದರಿಂದ, ಮೊಬೈಲಿನಲ್ಲಿ ಕೇಳುತ್ತಾ ಮನೆಯ ಇನ್ನೊಂದು ಫೋನಿನಿಂದ ಕರೆ ಮಾಡುವವರು ತಮ್ಮದೇ ಮಾತು ತಡವಾಗಿ ಕೇಳಿಸಿ ಗಲಿಬಿಲಿಗೊಳ್ಳುತ್ತಾರೆ. ‘ರೇಡಿಯೋ ಸೌಂಡ್ ಕಮ್ಮಿ ಮಾಡ್ಕೊಳ್ಳಿ’ ಎಂಬ ಮಾತು ಪ್ರತಿ ಸಂಜೆಯೂ ಹಲವು ಬಾರಿ ಬರುತ್ತದೆ. ಕರೆ ಸ್ವೀಕರಿಸುವ ಸಹಾಯಕರು ಪ್ರಸಾರಕ್ಕೆ ಜೋಡಿಸುವ ಮೊದಲೇ ಇದನ್ನು ಹೇಳಿಬಿಟ್ಟರೆ ಎಷ್ಟೋ ನಿಮಿಷಗಳು ಉಳಿಯುತ್ತವೆ. ಕುಶಲ ಪ್ರಶ್ನೆಗಳಿಗೂ ಸಾಕಷ್ಟು ಹೊತ್ತು ಹೋಗುತ್ತದೆ. ಊಟವಾಯಿತೇ, ಮಳೆ ಹೇಗಿದೆ ಎಂಬ ವಿಚಾರಣೆ ಮುಗಿಯದೆ ಯಾರೂ ವಿಷಯಕ್ಕೆ ಬರುವುದಿಲ್ಲ. ಇದನ್ನು ದೋಷವೆಂದು ನಾನು ಎಣಿಸುವುದಿಲ್ಲ, ಆದರೆ ಇಪ್ಪತ್ತು ನಿಮಿಷದ ಅವಧಿಗೆ ಅದು ದೊಡ್ಡ ಪಾಲು.

ಇಲ್ಲಿಯವರೆಗೆ ಹೊಗಳಿದ ನಿರೂಪಕಿ ವಾರದ ಮೊದಲ ನಾಲ್ಕು ದಿನ ಬರುತ್ತಾರೆ. ಶುಕ್ರವಾರ ಮತ್ತು ಶನಿವಾರ ಬರುವ ನಿರೂಪಕರ ಕಂಠ ಅವರಿಗಿಂತ ಚೆನ್ನಾಗಿದೆ, ಉಚ್ಚಾರ ಸ್ಪಷ್ಟವಾಗಿದೆ, ಭಾಷೆ ಶುದ್ಧವಾಗಿದೆ. ಕೊರತೆಯಿರುವುದು ಪ್ರಶ್ನೆಯಲ್ಲಿ. ಅವರ ಪ್ರಶ್ನೆ ಎಂಟು ಹತ್ತು ವಾಕ್ಯಗಳಷ್ಟು ಉದ್ದವಾಗಿ, ಉತ್ತರವನ್ನೂ ತನ್ನೊಳಗೇ ಇಟ್ಟುಕೊಂಡು, ‘ಅಲ್ಲವೇ?’ ಎಂದು ಮುಗಿಯುತ್ತದೆ. ಅತಿಥಿಗೆ ಹೌದು ಎನ್ನುವುದಲ್ಲದೆ ಬೇರೆ ಕೆಲಸ ಉಳಿಯುವುದಿಲ್ಲ. ರಾಗಿ ರೈತರು ಶುಕ್ರವಾರ ಬಂದಿದ್ದರು. ಲಕ್ಷ್ಮಣಯ್ಯನವರ ಕಥೆ ಅಷ್ಟು ಸೊಗಸಾಗಿ ಬಂದದ್ದು ನಿರೂಪಕರು ಅದನ್ನು ಮೊದಲೇ ಓದಿಕೊಂಡಿದ್ದರಿಂದ. ಆದರೆ ಬೀಜವನ್ನು ಹುಳು ಹಿಡಿಯದಂತೆ ಇಡುವ ಬಗೆಯನ್ನು ರೈತರು ಹೇಳತೊಡಗಿದಾಗ ಅದನ್ನು ಮಧ್ಯದಲ್ಲೇ ತುಂಡರಿಸಿ ಸಿರಿಧಾನ್ಯದ ಮಹತ್ವದ ಮೇಲೆ ಸಣ್ಣ ಭಾಷಣ ಮಾಡಿದ್ದೂ ಅವರೇ.

ಅತಿಥಿಗಳಲ್ಲಿ ಹೆಂಗಸರು ಕಡಿಮೆ. ಬಂದವರು ಆರೋಗ್ಯ, ಶಿಕ್ಷಣ, ಅಡುಗೆ ಎಂಬ ಮೂರು ಕ್ಷೇತ್ರಗಳನ್ನು ದಾಟಲಿಲ್ಲ. ರೇಷ್ಮೆ ಹುಳು ಸಾಕುವವರು, ಗಾರ್ಮೆಂಟ್ಸ್ ಕಾರ್ಖಾನೆಗೆ ಬೆಳಗಿನ ಬಸ್ಸಿನಲ್ಲಿ ಹೋಗುವವರು, ಹಾಲಿನ ಡೇರಿಯ ಲೆಕ್ಕ ನೋಡಿಕೊಳ್ಳುವವರು ಇದೇ ತಾಲ್ಲೂಕಿನಲ್ಲಿದ್ದಾರೆ. ಸಂಜೆ ಏಳು ಗಂಟೆ ಅಡುಗೆಯ ಹೊತ್ತಾದ್ದರಿಂದ ಕರೆಗಳೂ ಬಹುಪಾಲು ಗಂಡಸರವೇ. ಹೆಂಗಸರ ಪ್ರಶ್ನೆಗಳು ವಾಟ್ಸ್ಆ್ಯಪ್ ಧ್ವನಿ ಸಂದೇಶವಾಗಿ ಬರುತ್ತವೆ ಮತ್ತು ಕೊನೆಯಲ್ಲಿ ಸಮಯ ಮಿಕ್ಕರೆ ಮಾತ್ರ ಕೇಳಿಸಲಾಗುತ್ತದೆ. ಇವನ್ನು ಮೊದಲು ಕೇಳಿಸಿ ಕರೆಗಳನ್ನು ಆಮೇಲೆ ತೆಗೆದುಕೊಂಡರೆ ಆಗುವ ನಷ್ಟವೇನೂ ಇಲ್ಲ.

ಇನ್ನೊಂದು ಆಕ್ಷೇಪ ಸ್ವಲ್ಪ ಗಂಭೀರವಾದದ್ದು. ಕಣ್ಣಿನ ಆಸ್ಪತ್ರೆಯ ಮಾಲೀಕರು ಅತಿಥಿಯಾಗಿ ಬಂದ ದಿನ ಕಾರ್ಯಕ್ರಮದ ಹಿಂದೆ ಮುಂದೆ ಅದೇ ಆಸ್ಪತ್ರೆಯ ಜಾಹೀರಾತು ಬಂತು. ಮಾತಿನಲ್ಲಿ ತಪ್ಪು ಮಾಹಿತಿಯೇನೂ ಇರಲಿಲ್ಲ, ಆದರೆ ಇವರು ನಮ್ಮ ಪ್ರಾಯೋಜಕರು ಎಂದು ನಿರೂಪಕರು ಒಂದು ಮಾತು ಹೇಳಲಿಲ್ಲ. ಸಣ್ಣ ಬಾನುಲಿಗೆ ಹಣದ ಅಡಚಣೆ ಇರುವುದು ನಿಜ. ಗಂಟೆಗೆ 12 ನಿಮಿಷ ಜಾಹೀರಾತು ಹಾಕಲು, ಸರ್ಕಾರಿ ಜಾಹೀರಾತಿಗೆ ಹತ್ತು ಸೆಕೆಂಡಿಗೆ 74 ರೂಪಾಯಿ ಪಡೆಯಲು 2024ರಲ್ಲಿ ಅವಕಾಶವಾದರೂ, ಆ 12 ನಿಮಿಷ ತುಂಬುವಷ್ಟು ಜಾಹೀರಾತು ತಾಲ್ಲೂಕಿನಲ್ಲಿ ಎಲ್ಲಿಂದ ಬರಬೇಕು? ಹಾಗಿದ್ದೂ ಅತಿಥಿಯ ಕುರ್ಚಿಯನ್ನು ಜಾಹೀರಾತಿನ ಜೊತೆಗೆ ಉಚಿತವಾಗಿ ಕೊಡುವುದು ಸರಿಯಲ್ಲ. ಉಳಿದ ಸಂಜೆಗಳ ಅತಿಥಿಗಳ ಮೇಲೂ ಅದು ಸಂಶಯ ತರುತ್ತದೆ.

ಕಡೆಯದಾಗಿ ಸಂಗ್ರಹದ ವಿಷಯ. ಪ್ರಸಾರವಾದ ಪ್ರತಿ ಕಾರ್ಯಕ್ರಮದ ಧ್ವನಿಮುದ್ರಣವನ್ನು ಮೂರು ತಿಂಗಳು ಕಾಪಾಡಬೇಕೆಂಬ ನಿಯಮ ಸಮುದಾಯ ಬಾನುಲಿಗಳಿಗಿದೆ. ಎಂದರೆ ವೈದ್ಯರು, ಪವರ್‌ಮ್ಯಾನ್, ಮೇಷ್ಟ್ರು, ಆಶಾ ಕಾರ್ಯಕರ್ತೆ ಆಡಿದ ಮಾತೆಲ್ಲವೂ ಕೇಂದ್ರದ ಕಂಪ್ಯೂಟರಿನಲ್ಲಿ ಈಗಲೂ ಇರಲೇಬೇಕು. ಮೂರು ತಿಂಗಳಾದ ಮೇಲೆ ಅವನ್ನು ಅಳಿಸಿ ಜಾಗ ಮಾಡಿಕೊಳ್ಳುತ್ತೇವೆ ಎಂದು ವಿಚಾರಿಸಿದಾಗ ಅಲ್ಲಿಯವರು ತಿಳಿಸಿದರು. ಎಲ್ಲವನ್ನೂ ಉಳಿಸಬೇಕಾಗಿಲ್ಲ, ತಿಂಗಳಿಗೆ ಐದಾರು ಸಂಚಿಕೆಗಳನ್ನು ಹಾಡು, ಜಾಹೀರಾತು ತೆಗೆದು ಅಂತರ್ಜಾಲದಲ್ಲಿ ಇಟ್ಟರೆ ಹಾವು ಕಡಿತದ ಮಾತನ್ನು ಮಳೆಗಾಲದಲ್ಲಿ, ಅದು ನಿಜವಾಗಿ ಬೇಕಾಗುವ ಹೊತ್ತಿನಲ್ಲಿ, ಮತ್ತೆ ಕೇಳಬಹುದು.

ಕೇಳಬೇಕೆನ್ನುವವರು ಸೋಮವಾರದಿಂದ ಗುರುವಾರದವರೆಗಿನ ಸಂಚಿಕೆಗಳಿಂದ ಆರಂಭಿಸುವುದು ಒಳ್ಳೆಯದು. ಅತಿಥಿಯ ಪರಿಚಯದಲ್ಲಿ ಪದವಿ ಪ್ರಶಸ್ತಿಗಳ ಪಟ್ಟಿ ಉದ್ದವಾಗಿದ್ದರೆ ಮರುಪ್ರಸಾರಕ್ಕೆ ಕಾಯಬಹುದು. ಬರಿಯ ಊರು ಮತ್ತು ಕಸುಬು ಹೇಳಿ ಮಾತು ಶುರುವಾದರೆ ಏಳು ಗಂಟೆಗೇ ಕೂರಬೇಕು. ಮರುಪ್ರಸಾರ ಮರುದಿನ ಬೆಳಗ್ಗೆ ಹನ್ನೊಂದಕ್ಕೆ, ಫೋನ್ ಕರೆಗಳ ಭಾಗವೂ ಸೇರಿ. ಮಾರ್ಚ್ ತಿಂಗಳಿಗೆ ಕೊಳವೆಬಾವಿ ಕೊರೆಯುವ ಲಾರಿಯ ಚಾಲಕರನ್ನೂ, ತಾಲ್ಲೂಕು ಕಚೇರಿಯ ಮುಂದೆ ಕೂತು ಅರ್ಜಿ ಬರೆದುಕೊಡುವವರನ್ನೂ ಕರೆಯಲಾಗಿದೆ ಎಂಬ ಪ್ರಕಟಣೆ ಬಂದಿದೆ; ಎರಡೂ ಗುರುವಾರದೊಳಗಿನ ದಿನಗಳೇ.